ಗೋಂದು ಹೋದರೂ ಕಾಗದ ಉಳಿಯಲಿ

ಅಳಿಯ: ಅತ್ತೆ, ಸಾಗರದ ಮನೆಯ ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿ ತಂದೆ. ಆಲ್ಬಂನಲ್ಲಿ ಹಾಕಿದ್ದವು ಪರವಾಗಿಲ್ಲ. ಲಕೋಟೆಗಳಲ್ಲಿ ಕಟ್ಟಿಟ್ಟಿದ್ದ ಹೊಸ ಸ್ಟ್ಯಾಂಪುಗಳು ಮಾತ್ರ ಒಂದಕ್ಕೊಂದು ಹತ್ತಿಕೊಂಡು ದಪ್ಪ ಕಟ್ಟಾಗಿಬಿಟ್ಟಿವೆ. ಮೂಲೆಗೆ ಉಗುರು ಕೊಟ್ಟು ಎಳೆದರೆ ಬರಬಹುದೇನೋ.

ಅತ್ತೆ: ಎಳೆಯಬೇಡ ಮಾರಾಯ. ಉಗುರೂ ಬೇಡ, ಬ್ಲೇಡೂ ಬೇಡ. ಎಳೆದರೆ ಕೈಗೆ ಬರುವುದು ಕಾಗದದ ಮೇಲ್ಪದರ. ಕೆಳಗಿನದರ ಮುಖದ ಬಣ್ಣವನ್ನು ಮೇಲಿನದರ ಬೆನ್ನು ಕಿತ್ತುಕೊಳ್ಳುತ್ತದೆ, ಎರಡೂ ಹೋಗುತ್ತವೆ. ಅವು ಹತ್ತಿಕೊಂಡು ಎಷ್ಟೋ ಮಳೆಗಾಲ ಕಳೆದಿದೆ. ಇನ್ನೊಂದು ವಾರ ಹಾಗೇ ಇದ್ದರೆ ಹೊಸದಾಗಿ ಕೆಡುವುದು ಏನಿಲ್ಲ. ಒಣಗಿದ ಜಾಗದಲ್ಲಿಡು, ಮೇಲೆ ಭಾರ ಹೇರಬೇಡ. ಅದರಲ್ಲಿ ಏನೇನಿದೆ, ಮೊದಲು ಅದು ಹೇಳು.

ಅಳಿಯ: ಒಂದು ಕಟ್ಟಿನ ಮೇಲೆ ವಿಶ್ವೇಶ್ವರಯ್ಯನವರು ಕಾಣುತ್ತಾರೆ, 15 ನಯೇ ಪೈಸೆಯದು. ಇನ್ನೊಂದರ ಮೇಲೆ ಗೋಳಗುಮ್ಮಟ. ಉಳಿದವು ಎಪ್ಪತ್ತು ಎಂಬತ್ತರ ದಶಕದ ಸ್ಮರಣಾರ್ಥ ಸ್ಟ್ಯಾಂಪುಗಳು.

ಅತ್ತೆ: ವಿಶ್ವೇಶ್ವರಯ್ಯನವರದು 1960ರ ಸೆಪ್ಟೆಂಬರ್ 15ರಂದು, ಅವರ ಜನ್ಮಶತಾಬ್ದಿಗೆ ಬಂದದ್ದು. ಆಗ ಅವರು ಇನ್ನೂ ಬದುಕಿದ್ದರು. ಬದುಕಿರುವವರ ಮುಖ ಸ್ಟ್ಯಾಂಪಿನ ಮೇಲೆ ಬರುವುದು ನಮ್ಮ ದೇಶದಲ್ಲಿ ಅಪರೂಪ, ಅದಕ್ಕೇ ನಿನ್ನಪ್ಪನಿಗೆ ಅದರ ಮೇಲೆ ಅಷ್ಟು ಪ್ರೀತಿ. ಗೋಳಗುಮ್ಮಟದ್ದು 1949ರ ಆಗಸ್ಟ್ 15ರ ಪುರಾತತ್ವ ಸರಣಿಯ 6 ಆಣೆಯದು. ಎಲ್ಲ ನಾಸಿಕ್ ಮುದ್ರಣಾಲಯದವು. ಇವನ್ನೆಲ್ಲ ಒಂದೇ ರೀತಿ ಬಿಡಿಸಲು ಹೋಗಬಾರದು. ಎಂಬತ್ತರ ದಶಕದವು ಲಕ್ಷಗಟ್ಟಲೆ ಅಚ್ಚಾದವು, ಇವತ್ತಿಗೂ ಕಡಿಮೆ ದುಡ್ಡಿಗೆ ಒಳ್ಳೆಯ ಪ್ರತಿ ಸಿಗುತ್ತದೆ. ಅವುಗಳ ಮೇಲೆ ಕೈ ಪಳಗಿಸಿಕೋ. ಗೋಳಗುಮ್ಮಟಕ್ಕೆ ಕೊನೆಯಲ್ಲಿ ಬಾ.

ಅಳಿಯ: ಸರಿ. ಆದರೆ ಇವು ಹತ್ತಿಕೊಂಡದ್ದಾದರೂ ಹೇಗೆ? ಟ್ರಂಕಿನೊಳಗೆ ನೀರು ಹೋಗಿರಲಿಲ್ಲ. ಲಕೋಟೆಗಳ ಮೇಲೆ ಒಂದು ಕಲೆಯೂ ಇಲ್ಲ.

ಅತ್ತೆ: ನೀರು ಹೋಗಬೇಕಾಗಿಲ್ಲ, ಗಾಳಿಯ ತೇವವೇ ಸಾಕು. ಸ್ಟ್ಯಾಂಪಿನ ಗೋಂದು ನೀರಿಗೆ ಕರಗಲೆಂದೇ ಮಾಡಿದ್ದು. 1840ರ ಮೇ 6ರಂದು ಬ್ರಿಟನ್‌ನಲ್ಲಿ ಪೆನ್ನಿ ಬ್ಲ್ಯಾಕ್ ಬಳಕೆಗೆ ಬಂತಲ್ಲ, ಅದರ ಬೆನ್ನಿಗೆ ಆಲೂಗಡ್ಡೆ ಪಿಷ್ಟ, ಗೋಧಿ ಪಿಷ್ಟ, ಜಾಲಿ ಜಾತಿಯ ಮರದ ಗೋಂದು ಸೇರಿಸಿ ಬಳಿದಿದ್ದರು. ಆಮೇಲೆ ಬಹಳ ಕಾಲ ಲೋಕದ ಹೆಚ್ಚಿನ ಸ್ಟ್ಯಾಂಪುಗಳಿಗೆ ಜಾಲಿ ಗೋಂದು, ಇಲ್ಲವೇ ಪಿಷ್ಟವನ್ನು ಹುರಿದು ಮಾಡಿದ ಡೆಕ್ಸ್‌ಟ್ರಿನ್, ಇವೆರಡೇ ಆಧಾರ. ಎರಡೂ ಗಾಳಿಯ ತೇವವನ್ನು ಹೀರುತ್ತವೆ. ಮಲೆನಾಡಿನ ಜುಲೈ ತಿಂಗಳಲ್ಲಿ ಕಬ್ಬಿಣದ ಟ್ರಂಕಿನೊಳಗೆ ಗಾಳಿಯಾಡುವುದಿಲ್ಲ, ಮೇಲೆ ಪುಸ್ತಕಗಳ ಭಾರ ಬೇರೆ. ಮಳೆಗಾಲಕ್ಕೆ ಗೋಂದು ಮೆತ್ತಗಾಗುತ್ತದೆ, ಬೇಸಿಗೆಗೆ ಗಟ್ಟಿಯಾಗುತ್ತದೆ. ಮರುವರ್ಷ ಮತ್ತೆ ಅದೇ. ಹೀಗೆ ವರ್ಷವರ್ಷವೂ ಬಿಗಿಯುತ್ತ ಹೋಯಿತು.

ಅಳಿಯ: ಕೆಲವು ಬಿಡಿ ಸ್ಟ್ಯಾಂಪುಗಳು ಸುರುಳಿಯಾಗಿಯೂ ಇವೆ.

ಅತ್ತೆ: ಅದು ಉಲ್ಟಾ ಕಾಯಿಲೆ. ಗಾಳಿ ಒಣಗಿದಾಗ ಗೋಂದು ಕಾಗದಕ್ಕಿಂತ ಹೆಚ್ಚು ಕುಗ್ಗುತ್ತದೆ. ಆಗ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸ್ಟ್ಯಾಂಪು ಗೋಂದಿನ ಕಡೆಗೆ ಮುದುಡುತ್ತದೆ. ಬಲವಂತವಾಗಿ ನೆಟ್ಟಗೆ ಮಾಡಿದರೆ ಗೋಂದು ಬಿರಿಯುತ್ತದೆ, ಹಳೆಯದಾದರೆ ಅದರ ಜೊತೆಗೆ ಕಾಗದವೂ ಸೀಳುತ್ತದೆ. ಇದನ್ನು ತಪ್ಪಿಸಲು ಕೆಲವು ದೇಶಗಳ ಮುದ್ರಣಾಲಯಗಳು ಗೋಂದಿನ ಪದರದಲ್ಲಿ ಸಣ್ಣ ಗೆರೆಗಳನ್ನು ಒತ್ತುತ್ತಿದ್ದವು. ಬ್ರಿಟನ್‌ನವರು 1968ರಲ್ಲಿ ಪಿವಿಎ ಎಂಬ ಕೃತಕ ಅಂಟಿಗೆ ಹೋದರು. ಅದಕ್ಕೆ ಹೊಳಪು ಕಡಿಮೆ, ಬೆನ್ನು ನೋಡಿದರೆ ಅಂಟೇ ಇಲ್ಲವೇನೋ ಅನ್ನಿಸುತ್ತದೆ, ಆದರೆ ಅಷ್ಟು ಸುಲಭಕ್ಕೆ ಮುದುಡುವುದಿಲ್ಲ. ನಿನ್ನ ಕಟ್ಟಿನಲ್ಲಿ ಯಾವ ಗೋಂದು ಎಂದು ಒಡೆದು ನೋಡುವ ಮೊದಲೇ ಹೇಳಲಾಗದು. ಹಳದಿ ಬಣ್ಣ, ಹೊಳಪು, ಬಿರುಕು ಕಂಡರೆ ಹಳೆಯ ಗೋಂದು ಅಂತ ತಿಳಿ.

ಅಳಿಯ: ಇಂಟರ್ನೆಟ್ಟಿನಲ್ಲಿ ಫ್ರೀಜರಿನಲ್ಲಿಡಿ ಅಂತಾರೆ. ಒಬ್ಬರು ಪೆಟ್ರೋಲಿನಲ್ಲಿ ಅದ್ದಿ ಅಂದಿದ್ದಾರೆ.

ಅತ್ತೆ: ಪೆಟ್ರೋಲಿನ ಮಾತೇ ಬೇಡ. ಅದರಲ್ಲಿ ಎಣ್ಣೆಯಂಶವಿದೆ, ಬಣ್ಣವಿದೆ, ಮನೆಯೊಳಗೆ ಬೆಂಕಿಯ ಅಪಾಯ ಬೇರೆ. ನೀರುಗುರುತು ನೋಡಲು ಸಂಗ್ರಾಹಕರು ಶುದ್ಧ ಬೆಂಜೀನ್ ಜಾತಿಯ ದ್ರವ ಬಳಸುವುದುಂಟು. ಅದು ನೀರಿಗೆ ಕರಗುವ ಗೋಂದನ್ನು ಮುಟ್ಟುವುದಿಲ್ಲ, ಅದಕ್ಕೇ ಬಳಸುತ್ತಾರೆ. ಗೋಂದನ್ನು ಮುಟ್ಟದ ದ್ರವ ಗೋಂದಿನಿಂದ ಹತ್ತಿದ್ದನ್ನು ಹೇಗೆ ಬಿಡಿಸೀತು? ಕೆಲವು ಬಗೆಯ ಮುದ್ರಣದ ಶಾಯಿ ಅದರಲ್ಲಿ ಕದಲುತ್ತದೆ, ಹಾಗಾಗಿ ಲಾಭವಿಲ್ಲದೆ ನಷ್ಟ.

ಫ್ರೀಜರಿನ ಮಾತಿನಲ್ಲಿ ಹುರುಳಿದೆ. ಚಳಿಗೆ ಗೋಂದು ಪೆಡಸಾಗುತ್ತದೆ, ಕಾಗದ ಮತ್ತು ಗೋಂದು ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಅಲ್ಲಲ್ಲಿ ಮಾತ್ರ ಹಿಡಿದಿರುವ ಸ್ಟ್ಯಾಂಪುಗಳು ಟಪ್ ಎಂದು ಬಿಟ್ಟುಕೊಳ್ಳಬಹುದು, ಗೋಂದಿಗೂ ಏನೂ ಆಗುವುದಿಲ್ಲ. ಹಾಗಾಗಿ ಮೊದಲು ಮಾಡಬೇಕಾದ ಪ್ರಯತ್ನ ಅದೇ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ ಒಂದು ರಾತ್ರಿ ಇಡು. ಹೊರಗೆ ತೆಗೆದ ಕೂಡಲೇ ಕವರು ಬಿಚ್ಚಬೇಡ. ತಣ್ಣಗಿರುವ ಕಾಗದದ ಮೇಲೆ ನಮ್ಮೂರ ಗಾಳಿಯ ತೇವ ಕ್ಷಣದಲ್ಲಿ ಹನಿಗಟ್ಟುತ್ತದೆ, ಬಿಟ್ಟದ್ದು ಮತ್ತೆ ಹತ್ತುತ್ತದೆ. ಕವರಿನೊಳಗೇ ಇರಿಸಿ, ಎರಡು ಬೆರಳಲ್ಲಿ ಸ್ವಲ್ಪವೇ ಬಾಗಿಸಿ ನೋಡು. ಸಡಿಲವಾಗುವುದಾದರೆ ಅಲ್ಲೇ ಗೊತ್ತಾಗುತ್ತದೆ. ಮೈಯೆಲ್ಲ ಹತ್ತಿಕೊಂಡದ್ದು ಇದಕ್ಕೆ ಬಗ್ಗುವುದಿಲ್ಲ. ಎರಡು ಸಲ ನೋಡಿ ಬಿಟ್ಟುಬಿಡು, ಹೆಚ್ಚು ಬಾಗಿಸಿದರೆ ಮುಖದ ಮೇಲೆ ಅಡ್ಡಗೆರೆ ಬೀಳುತ್ತದೆ.

ಅಳಿಯ: ಆಮೇಲೆ ನೀರೇ ಗತಿಯೇ?

ಅತ್ತೆ: ನೀರಿಗಿಂತ ಮೊದಲು ತೇವದ ಡಬ್ಬಿ ಇದೆ. ಹೊರದೇಶಗಳಲ್ಲಿ ಇದಕ್ಕೆಂದೇ ಡಬ್ಬಿ ಮಾರುತ್ತಾರೆ, ನಮಗೆ ಬಿಗಿ ಮುಚ್ಚಳದ ಅಗಲವಾದ ಪ್ಲಾಸ್ಟಿಕ್ ಡಬ್ಬಿ ಸಾಕು. ತಳಕ್ಕೆ ಹೊಸ ಸ್ಪಂಜು, ಅಥವಾ ನಾಲ್ಕು ಮಡಿಕೆಯ ಬಿಳಿ ಬಟ್ಟೆ. ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕು. ನೀರು ನಿಲ್ಲಬಾರದು. ಅದರ ಮೇಲೆ ಒಂದಿಂಚಿನಷ್ಟು ಎತ್ತರಕ್ಕೆ ಪ್ಲಾಸ್ಟಿಕ್ ಜಾಲರಿ. ಸ್ಟ್ಯಾಂಪಿನ ಕಟ್ಟು ಜಾಲರಿಯ ಮೇಲೆ ಕೂರಬೇಕು, ಒದ್ದೆಗೆ ಎಲ್ಲಿಯೂ ತಾಗಬಾರದು. ಮುಚ್ಚಳದ ಒಳಮೈಗೆ ಬ್ಲಾಟಿಂಗ್ ಪೇಪರ್ ಅಂಟಿಸು. ಇದನ್ನು ಜನ ಮರೆಯುತ್ತಾರೆ. ಆವಿ ಮುಚ್ಚಳಕ್ಕೆ ಬಡಿದು ಹನಿಯಾಗಿ ಬಿದ್ದರೆ ಬಿದ್ದಲ್ಲಿ ಕಲೆಯಾಗುತ್ತದೆ.

ಅಳಿಯ: ಮಳೆಗಾಲದ ತೇವದಿಂದಲೇ ಹತ್ತಿಕೊಂಡವು ಅಂದಿರಿ. ಮತ್ತೆ ತೇವಕ್ಕೇ ಇಟ್ಟರೆ ಬಿಡುತ್ತವೆಯೇ?

ಅತ್ತೆ: ಒಳ್ಳೆಯ ಪ್ರಶ್ನೆ. ಟ್ರಂಕಿನಲ್ಲಿ ಸಿಕ್ಕಿದ್ದು ಅರೆತೇವ, ಜೊತೆಗೆ ಭಾರ, ಆಮೇಲೆ ಒಣಗುವಿಕೆ. ಅಂಟಿಸಲು ನಾವು ಬೇಕೆಂದೇ ಮಾಡುವುದೂ ಅದನ್ನೇ ಅಲ್ಲವೇ? ಡಬ್ಬಿಯಲ್ಲಿ ಭಾರವಿಲ್ಲ, ತೇವ ಪೂರ್ತಿ. ಗೋಂದು ಒಳಗಿನವರೆಗೂ ಮೆತ್ತಗಾಗುತ್ತದೆ, ಆ ಸ್ಥಿತಿಯಲ್ಲಿರುವಾಗಲೇ ನಾವು ಬಿಡಿಸಿ ಬೇರೆಬೇರೆ ಒಣಗಿಸುತ್ತೇವೆ.

ಆ ಹೊತ್ತನ್ನು ಹಿಡಿಯುವುದರಲ್ಲೇ ಎಲ್ಲ ಇದೆ. ಎರಡು ಸ್ಟ್ಯಾಂಪಿನ ಜೋಡಿಗೆ ಕೆಲವು ಗಂಟೆ ಸಾಕಾಗಬಹುದು, ದಪ್ಪ ಕಟ್ಟಿಗೆ ಒಂದು ಹಗಲು ರಾತ್ರಿ ಬೇಕಾಗಬಹುದು. ಗಡಿಯಾರ ನಂಬಬೇಡ, ಆಗಾಗ ತೆರೆದು ನೋಡು. ಚಪ್ಪಟೆ ತುದಿಯ ಚಿಮುಟವನ್ನು ಮೂಲೆಯಲ್ಲಿ ಇಟ್ಟು ಕೇಳು, ಜಾಗ ಕೊಟ್ಟರೆ ಮುಂದೆ ಹೋಗು. ಕೊಡದಿದ್ದರೆ ಮುಚ್ಚಿಡು. ಕಟ್ಟಿನ ಹೊರಗಿನ ಎರಡು ಸ್ಟ್ಯಾಂಪು ಮೊದಲು ಬಿಡುತ್ತವೆ. ಅವನ್ನು ತೆಗೆದು ಉಳಿದ ಕಟ್ಟನ್ನು ಮತ್ತೆ ಒಳಗಿಡು. ಒಂದೇ ಸಲಕ್ಕೆ ಎಲ್ಲ ಬಿಡಿಸುತ್ತೇನೆ ಅಂತ ಹೊರಟರೆ ನಡುವಿನವು ಹರಿಯುತ್ತವೆ. ಆದರೆ ದಿನಗಟ್ಟಲೆಯೂ ಇಡುವ ಹಾಗಿಲ್ಲ. ನಮ್ಮ ಹವೆಯಲ್ಲಿ ಬೂಷ್ಟು ಬೇಗ ಬರುತ್ತದೆ, ಒಮ್ಮೆ ಕಾಗದಕ್ಕೆ ಹಿಡಿದ ಬೂಷ್ಟಿನ ಕಂದು ಚುಕ್ಕೆ ಹೋಗುವುದಿಲ್ಲ.

ಅಳಿಯ: ಎತ್ತುವುದು ಹೇಗೆ? ಮೇಲಿನದನ್ನು ಹಿಡಿದು ಮೇಲಕ್ಕೆ?

ಅತ್ತೆ: ಮೇಲಕ್ಕೆ ಎತ್ತಬೇಡ. ಹಿಂದಕ್ಕೆ ಮಡಿಸುವ ಹಾಗೆ, ತನ್ನ ಮೇಲೆಯೇ ತಾನು ಹೊರಳುವ ಹಾಗೆ ತಗ್ಗಿನಲ್ಲೇ ಎಳೆ. ಆಗ ಎಳೆತವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ, ನಾರು ಕೀಳುವುದಿಲ್ಲ. ಯಾವುದು ಹೊರಳಬೇಕು ಎನ್ನುವುದನ್ನೂ ಮೊದಲೇ ತೀರ್ಮಾನಿಸಿರಬೇಕು. ಬಾಗುವ ಸ್ಟ್ಯಾಂಪಿಗೆ ಪೆಟ್ಟು ಹೆಚ್ಚು. ಕಡಿಮೆ ಬೆಲೆಯದನ್ನು ಹೊರಳಿಸು, ಬೇಕಾದದ್ದನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಬಿಡು. ಅಂಚಿನ ಹಲ್ಲುಗಳನ್ನು ಚಿಮುಟದಿಂದ ಗಟ್ಟಿಯಾಗಿ ಕಚ್ಚಬೇಡ, ಒಂದು ಹಲ್ಲು ಮುರಿದರೂ ಅದು ಕೊನೆಯವರೆಗೂ ಮುರಿದದ್ದೇ.

ಬಿಡಿಸಿದ ಮೇಲೆ ಗೋಂದಿನ ಕಡೆ ಮೇಲಾಗಿ ಗಾಜಿನ ಮೇಲೋ, ಬೇಕರಿಯವರು ಬಳಸುವ ಎಣ್ಣೆ ಹಿಡಿಯದ ಕಾಗದದ ಮೇಲೋ ಇಡು. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ, ಅದೇ ಕಾಗದದ ಎರಡು ಹಾಳೆಗಳ ನಡುವೆ ದಪ್ಪ ಪುಸ್ತಕದಡಿ ಇಡಬಹುದು. ಪತ್ರಿಕೆ, ಬ್ಲಾಟಿಂಗ್ ಪೇಪರ್ ಆಗದು, ಗೋಂದು ಅವುಗಳಿಗೆ ಹತ್ತಿಬಿಡುತ್ತದೆ. ಕೆಟಲಿನ ಹಬೆ, ಇಸ್ತ್ರಿ ಪೆಟ್ಟಿಗೆ ಅಂತಲೂ ಯಾರಾದರೂ ಹೇಳಿಯಾರು. ಬೇಡ. ಬಿಸಿಗೆ ಕಾಗದ ಸುಕ್ಕುಗಟ್ಟುತ್ತದೆ.

ಅಳಿಯ: ಡಬ್ಬಿಯಿಂದ ಬಂದದ್ದರ ಗೋಂದು ಮೊದಲಿನ ಹಾಗೇ ಇರುತ್ತದೆಯೇ?

ಅತ್ತೆ: ಇರುವುದಿಲ್ಲ. ಇರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅಲ್ಲಲ್ಲಿ ಹೊಳಪು ಹೆಚ್ಚು ಕಡಿಮೆ ಆಗಿರುತ್ತದೆ, ಕೆಲವು ಕಡೆ ಗೋಂದು ಪಕ್ಕದ ಸ್ಟ್ಯಾಂಪಿನ ಮುಖಕ್ಕೆ ಹೋಗಿರುತ್ತದೆ. ಬಲ್ಲವರು ಬೆಳಕಿಗೆ ಓರೆಯಾಗಿ ಹಿಡಿದು ಒಂದೇ ನೋಟಕ್ಕೆ ಹೇಳುತ್ತಾರೆ. ಆದರೆ ಅದು ಆ ಸ್ಟ್ಯಾಂಪಿನ ಸ್ವಂತ ಗೋಂದೇ. ಕದಲಿದ ಗೋಂದು ಎಂದು ಹೇಳಿ ಇಟ್ಟುಕೊಂಡರೆ ಅದರಲ್ಲಿ ಕುಂದೇನಿಲ್ಲ.

ಅಳಿಯ: ಮುಖಕ್ಕೆ ಹೋದ ಗೋಂದನ್ನು ಒರೆಸಬಹುದೇ?

ಅತ್ತೆ: ಒರೆಸಬೇಡ, ಅದರಲ್ಲೂ ನುಣುಪಾದ ಸೀಮೆಸುಣ್ಣದ ಲೇಪವಿರುವ ಕಾಗದವಾದರೆ ಉಜ್ಜಿದಲ್ಲಿ ಚಿತ್ರವೇ ಹೋಗುತ್ತದೆ. ಮುಖದ ಮೇಲೆ ಪಕ್ಕದ ಸ್ಟ್ಯಾಂಪಿನ ಗೋಂದು ದಪ್ಪಗೆ ಕೂತಿದ್ದರೆ ಅದಕ್ಕೆ ನೀರಿನ ಸ್ನಾನವೇ ಸರಿ. ತೇವದ ಡಬ್ಬಿಗೂ ಬಗ್ಗದ ಕಟ್ಟಿಗೂ ಅದೇ.

ಅಳಿಯ: ನೀರಿಗೆ ಹಾಕಿದರೆ ಗೋಂದೆಲ್ಲ ಹೋಗುತ್ತದಲ್ಲ ಅತ್ತೆ. ಕ್ಯಾಟಲಾಗ್ ನೋಡಿದೆ. ಬಳಸದ ಸ್ಟ್ಯಾಂಪಿಗೆ ಪೂರ್ತಿ ಗೋಂದು ಇದ್ದರೆ ಒಂದು ಬೆಲೆ, ಆಲ್ಬಂಗೆ ಹಿಡಿಸಲು ಬೆನ್ನಿಗೆ ಹಚ್ಚುವ ಪುಟ್ಟ ಕಾಗದದ ಪಟ್ಟಿ, ಅದೇ ಹಿಂಜ್, ಅದರ ಗುರುತಿದ್ದರೆ ಇನ್ನೊಂದು, ಗೋಂದೇ ಇಲ್ಲದಿದ್ದರೆ ಕೇಳುವವರೇ ಇಲ್ಲ.

ಅತ್ತೆ: ಆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಮಾರುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ಅದು ಯಾವಾಗ ಬಂತು ಎಂದು ಯೋಚಿಸು. ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ದೊಡ್ಡ ದೊಡ್ಡ ಸಂಗ್ರಾಹಕರೇ ತಮ್ಮ ಅತಿ ಅಮೂಲ್ಯ ಸ್ಟ್ಯಾಂಪುಗಳನ್ನು ಹಿಂಜ್ ಹಚ್ಚಿ ಆಲ್ಬಂಗೆ ಹಾಕುತ್ತಿದ್ದರು. ಬೆನ್ನನ್ನು ಯಾರೂ ಅಷ್ಟು ನೋಡುತ್ತಿರಲಿಲ್ಲ. ನಮ್ಮ ಇಡೀ ದೇಶಕ್ಕೆಂದು ಬಂದ 1854ರ ಮೊದಲ ಸ್ಟ್ಯಾಂಪುಗಳು, ಕಲ್ಕತ್ತದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದವು, ಗೋಂದಿಲ್ಲದೆಯೇ ಹೊರಬಂದವು. ಚೀನಾದಲ್ಲಿ 1949ರ ನಂತರದ ಹೊಸ ಸರ್ಕಾರದ ಎಷ್ಟೋ ಸ್ಟ್ಯಾಂಪುಗಳಿಗೆ ಗೋಂದೇ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಅಂಟಿನ ಡಬ್ಬಿ ಇಟ್ಟಿರುತ್ತಿದ್ದರು. ಅವುಗಳಿಗೆ ಇವತ್ತು ಕೊಡುವ ಬೆಲೆ ಕಡಿಮೆಯೇನಲ್ಲ.

ಜರ್ಮನಿಯದೊಂದು ಸಂಗತಿ ಹೇಳುತ್ತೇನೆ, ನಾನು ಇದನ್ನು ಪ್ರತಿ ಹೊಸ ಸಂಗ್ರಾಹಕರಿಗೂ ಹೇಳುತ್ತೇನೆ. 1935ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಓಸ್ಟ್ರೋಪಾ ಅಂತ ಅಂಚೆಚೀಟಿ ಪ್ರದರ್ಶನ ನಡೆಯಿತು. ಅದಕ್ಕೆಂದು ನಾಲ್ಕು ಸ್ಟ್ಯಾಂಪಿನ ಒಂದು ಪುಟ್ಟ ಹಾಳೆ ತಂದರು. ಅದರ ಗೋಂದಿನಲ್ಲಿ ಗಂಧಕಾಮ್ಲ ಸೇರಿಕೊಂಡಿತ್ತು. ಗೋಂದು ಒಳಗೊಳಗೇ ಕಾಗದವನ್ನು ತಿನ್ನತೊಡಗಿತು. ಹಾಳೆ ಕಂದಾಯಿತು, ಪೆಡಸಾಯಿತು, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂತು. ಗೋಂದಿಗೆ ಬೆಲೆ ಹೆಚ್ಚು ಅಂತ ಉಳಿಸಿಕೊಂಡವರ ಹಾಳೆಗಳು ಆ ಗೋಂದಿನಿಂದಲೇ ಸತ್ತವು. ನೀರಿಗೆ ಹಾಕಿ ಗೋಂದು ತೊಳೆದವರ ಹಾಳೆಗಳು ಉಳಿದವು. ಇವತ್ತಿಗೂ ಬಲ್ಲವರು ಆ ಹಾಳೆಯ ಗೋಂದನ್ನು ತೊಳೆದುಬಿಡಿ ಎಂದೇ ಹೇಳುತ್ತಾರೆ. ಸ್ಟ್ಯಾಂಪು ಎಂದರೆ ಕಾಗದ ಮತ್ತು ಅಚ್ಚು. ಗೋಂದು ಅದನ್ನು ಲಕೋಟೆಗೆ ಹಿಡಿಸಲು ಬಳಿದದ್ದು. ಎರಡರಲ್ಲಿ ಒಂದೇ ಉಳಿಯುವುದಾದರೆ ಯಾವುದು ಉಳಿಯಬೇಕು ಎನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ.

ಅಳಿಯ: ಹಾಗಾದರೆ ನೀರಿಗೆ ಹಾಕುವ ಮೊದಲು ಏನು ನೋಡಬೇಕು?

ಅತ್ತೆ: ಬಣ್ಣ ನೋಡಬೇಕು. ಎಲ್ಲ ಶಾಯಿಯೂ ನೀರು ತಡೆಯುವುದಿಲ್ಲ. ಜಮ್ಮು ಕಾಶ್ಮೀರ ಸಂಸ್ಥಾನದ ಹಳೆಯ ಸ್ಟ್ಯಾಂಪುಗಳನ್ನು ನೀರುಬಣ್ಣದಲ್ಲೇ ಮುದ್ರಿಸಿದ್ದರು, ನೀರಿಗೆ ಬಿದ್ದರೆ ಚಿತ್ರ ಹರಿದುಹೋಗುತ್ತದೆ. ಬ್ರಿಟನ್‌ನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ನೇರಳೆ ಮತ್ತು ಹಸಿರು ಸ್ಟ್ಯಾಂಪುಗಳ ಶಾಯಿಯನ್ನು ನೀರಿಗೆ ಬಿಡುವ ಹಾಗೆ ಬೇಕೆಂದೇ ಮಾಡಿದ್ದರು. ಮುದ್ರೆ ಅಳಿಸಿ ಮತ್ತೆ ಬಳಸಬಾರದು ಅಂತ. ನಿನ್ನ ಗಂಟಿನಲ್ಲಿ ಸಂಸ್ಥಾನಗಳದ್ದು, ಸ್ವಾತಂತ್ರ್ಯಪೂರ್ವದ್ದು ಏನಾದರೂ ಕಂಡರೆ ಬದಿಗಿಡು, ನಾನು ನೋಡುವವರೆಗೆ ನೀರು ತೋರಿಸಬೇಡ. 1948ರ ಆಗಸ್ಟ್ 15ರ ಗಾಂಧೀಜಿಯ ನಾಲ್ಕು ಸ್ಟ್ಯಾಂಪುಗಳು, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು, ಅವುಗಳಲ್ಲಿ 10 ರೂಪಾಯಿಯದು ಸಿಕ್ಕರೆ ಅದನ್ನು ಬಿಡಿಸುವುದೇ ಬೇಡ. ನೇರ ಪರಿಣತರ ಕೈಗೆ. ಅದರಲ್ಲಿ ನಕಲಿಯೂ ಬಹಳ.

ಉಳಿದದ್ದಕ್ಕೆ ಅಗಲವಾದ ಬಿಳಿ ಪಿಂಗಾಣಿ ತಟ್ಟೆ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಶುದ್ಧ ನೀರು. ಬಿಳಿ ತಟ್ಟೆ ಏಕೆಂದರೆ ಬಣ್ಣ ಬಿಡಲು ಶುರುವಾದರೆ ತಕ್ಷಣ ಕಾಣುತ್ತದೆ. ಕಟ್ಟನ್ನು ಮುಳುಗಿಸಿ ಬಿಟ್ಟುಬಿಡು, ತಾವಾಗಿ ಜಾರಿ ಬೇರೆಯಾಗಬೇಕು. ನೀರು ಕಲಕಿದರೆ ಹೊಸ ನೀರು ಹಾಕು, ಇಲ್ಲದಿದ್ದರೆ ಆ ಗೋಂದಿನ ನೀರೇ ಮತ್ತೆ ಸ್ಟ್ಯಾಂಪಿನ ಮೈಮೇಲೆ ಒಣಗುತ್ತದೆ. ಒದ್ದೆ ಕಾಗದಕ್ಕೆ ಶಕ್ತಿಯೇ ಇರುವುದಿಲ್ಲ, ಚಿಮುಟಕ್ಕಿಂತ ಬೆರಳ ತುದಿಯೇ ಮೇಲು. ಬ್ಲಾಟಿಂಗ್ ಪೇಪರಿನ ಮೇಲೆ ಮುಖ ಕೆಳಗಾಗಿ ಹಾಸು. ಮುಕ್ಕಾಲು ಒಣಗಿದ ಮೇಲೆ ಹೊಸ ಬ್ಲಾಟಿಂಗಿನ ನಡುವೆ ಭಾರ ಹೇರಿ ಒಂದೆರಡು ದಿನ ಬಿಟ್ಟರೆ ನೆಟ್ಟಗಾಗುತ್ತವೆ.

ಅಳಿಯ: ಆಮೇಲೆ ಹೊಸ ಗೋಂದು ಬಳಿದರೆ? ಚೆನ್ನಾಗಿ ಬಳಿದರೆ ಗೊತ್ತಾಗದು ಅಂತ ಒಬ್ಬ ಅಂಗಡಿಯವನು ಹೇಳಿದ.

ಅತ್ತೆ: ಅಂಥವರ ಹತ್ತಿರ ಮತ್ತೆ ಹೋಗಬೇಡ. ಅದು ಮೋಸ, ಮೃದುವಾಗಿ ಹೇಳಲು ನನಗೆ ಬೇರೆ ಮಾತಿಲ್ಲ. ಗೊತ್ತಾಗುವುದಿಲ್ಲ ಎನ್ನುವುದೂ ಸುಳ್ಳು. ಮುದ್ರಣಾಲಯದಲ್ಲಿ ಗೋಂದು ಬಳಿದ ಮೇಲೆ ಹಾಳೆಗೆ ತೂತು ಹೊಡೆಯುತ್ತಾರೆ. ಹಾಗಾಗಿ ಸ್ಟ್ಯಾಂಪು ಹರಿದುಕೊಂಡ ಹಲ್ಲಿನ ತುದಿಯಲ್ಲಿ ಕಾಗದದ ನಾರು ಬರಿದಾಗಿ, ಮೆತ್ತಗೆ, ಹತ್ತಿಯ ಎಳೆಯಂತೆ ನಿಂತಿರುತ್ತದೆ. ಬಿಡಿ ಸ್ಟ್ಯಾಂಪಿಗೆ ಆಮೇಲೆ ಬಳಿದರೆ ಗೋಂದು ತುದಿಯ ನಾರಿನೊಳಗೂ ಇಳಿದು ಗಟ್ಟಿಯಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಣುತ್ತದೆ, ಹಲ್ಲುಗಳ ಸಾಲಿನ ಮೇಲೆ ಬೆರಳಾಡಿಸಿದರೆ ಒರಟು ತಾಗುತ್ತದೆ. ಬೆನ್ನಿಗೆ ಗೋಂದು ಬಳಿದು ಬೆಲೆ ಏರಿಸಿದ ಸ್ಟ್ಯಾಂಪಿಗಿಂತ, ಗೋಂದು ಕಳೆದುಕೊಂಡು ಬರಿಮೈಯಲ್ಲಿರುವ ಸ್ಟ್ಯಾಂಪಿನ ಮೇಲೆ ನನಗೆ ಹೆಚ್ಚು ಗೌರವ.

ಅಳಿಯ: ಬಿಡಿಯಾಗಿದ್ದವುಗಳಲ್ಲಿ ಕೆಲವಕ್ಕೆ ಬೆನ್ನು ಹಳದಿಯಾಗಿದೆ, ಕೆಲವಕ್ಕೆ ಹಳೆಯ ಹಿಂಜ್ ಹತ್ತಿಕೊಂಡಿದೆ.

ಅತ್ತೆ: ಹಿಂಜ್ ಪೂರ್ತಿ ಒಣಗಿದ್ದು ತಾನಾಗಿ ಬಂದರೆ ತೆಗೆ, ಬಾರದಿದ್ದರೆ ಬಿಡು. ಕಿತ್ತರೆ ಕಾಗದ ತೆಳುವಾಗುತ್ತದೆ, ಹಿಂಜ್‌ಗಿಂತ ಅದು ದೊಡ್ಡ ಕುಂದು. ಹಳದಿ ಬೆನ್ನು ಉಷ್ಣ ದೇಶಗಳ ಸ್ಟ್ಯಾಂಪುಗಳಿಗೆಲ್ಲ ಇರುವುದೇ. ಮುಖದವರೆಗೆ ಬಂದಿಲ್ಲ ಅಂದರೆ ಹಾಗೇ ಇಟ್ಟುಕೋ. ಕಂದು ಬಣ್ಣ ಗೋಂದಿನಿಂದ ಕಾಗದಕ್ಕೆ ಇಳಿದು ಮುಖದಲ್ಲಿ ಚುಕ್ಕೆಯಾಗಿ ಕಾಣತೊಡಗಿದೆ ಎಂದರೆ ಮಾತ್ರ ತೊಳೆಯುವ ಯೋಚನೆ ಮಾಡು.

ಇನ್ನು ಮುಂದೆ ಅಟ್ಟ ಬೇಡ, ಟ್ರಂಕೂ ಬೇಡ. ಹೊರಗೋಡೆಗೆ ತಾಗದ ಕಪಾಟಿನಲ್ಲಿ ಸ್ಟ್ಯಾಂಪು ಸಿಕ್ಕಿಸಿಡುವ ಸ್ಟಾಕ್ ಬುಕ್ಕುಗಳನ್ನು ಪುಸ್ತಕದ ಹಾಗೆ ನೇರವಾಗಿ ನಿಲ್ಲಿಸು, ಒತ್ತಿ ತುಂಬಬೇಡ. ತೇವ ತೋರಿಸುವ ಸಣ್ಣ ಮಾಪಕ ಅಂಗಡಿಯಲ್ಲಿ ಸಿಗುತ್ತದೆ. ಅದು ಶೇಕಡಾ 50ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮಳೆಗಾಲದಲ್ಲಿ ಸಾಗರದಲ್ಲಿ ಅದು ಆಗದ ಮಾತು, ಅದಕ್ಕೇ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬಿಸಿ ಮಾಡಿ ಒಣಗಿಸುತ್ತಿರು. ಬೇಸಿಗೆಗೆ ಅವನ್ನು ತೆಗೆದುಬಿಡು, ಅತಿ ಒಣಗಿದರೂ ಗೋಂದು ಬಿರಿಯುತ್ತದೆ. ಮಳೆ ಬಿಟ್ಟ ದಿನ ಎಲ್ಲ ಪುಸ್ತಕ ತೆರೆದು ಹಾಳೆ ಮಗುಚಿ ಗಾಳಿಯಾಡಿಸು. ಪಿಷ್ಟದ ಗೋಂದು ಅಂದರೆ ಸಿಲ್ವರ್‌ಫಿಶ್ ಹುಳಕ್ಕೆ ಊಟ, ಗಾಳಿ ಬೆಳಕು ಕಂಡರೆ ಅದು ಓಡುತ್ತದೆ. ಮೆತ್ತಗಿನ ಪಿವಿಸಿ ಕವರುಗಳನ್ನು ಹತ್ತಿರ ಸೇರಿಸಬೇಡ.

ಅಳಿಯ: ಈಗಿನ ಸ್ಟಿಕ್ಕರ್ ಸ್ಟ್ಯಾಂಪುಗಳಿಗೆ ಈ ತಾಪತ್ರಯವಿಲ್ಲ.

ಅತ್ತೆ: ಬೇರೆ ತಾಪತ್ರಯವಿದೆ. ಸಿಯೆರಾ ಲಿಯೋನ್ 1964ರಲ್ಲಿ ಅಂಥದನ್ನು ಮೊದಲು ತಂದಿತು. ಅಮೆರಿಕದವರು 1974ರ ಕ್ರಿಸ್‌ಮಸ್‌ಗೆ ಒಂದು ತಂದರು, ಅದರ ಅಂಟು ಕಾಗದದೊಳಗೆ ನುಸುಳಿ ಮುಖಕ್ಕೆಲ್ಲ ಕಂದು ಕಲೆ ಹಾಕಿತು. ನೀರಿಗೆ ಬಿಡುವ ಹಳೆಯ ಗೋಂದೇ ವಾಸಿ, ಕೊನೆಗೆ ತೊಳೆಯಲಾದರೂ ಆಗುತ್ತದೆ.

ಅಳಿಯ: ವಿಶ್ವೇಶ್ವರಯ್ಯನವರ ಕಟ್ಟು ಫ್ರೀಜರಿಗೂ ತೇವದ ಡಬ್ಬಿಗೂ ಬಗ್ಗದೆ, ಕೊನೆಗೆ ನೀರಿಗೇ ಹಾಕಬೇಕಾಗಿ ಬಂದರೆ ಆಲ್ಬಂನಲ್ಲಿ ಏನಂತ ಬರೆಯಲಿ?

ಅತ್ತೆ: ಇದ್ದದ್ದನ್ನೇ ಬರಿ. 1960, ಬಳಸಿಲ್ಲ, ಗೋಂದಿಲ್ಲ, ಅಂಟಿಕೊಂಡಿದ್ದನ್ನು ನೀರಿನಲ್ಲಿ ಬಿಡಿಸಿದ್ದು. ಯಾವ ತಿಂಗಳು ಬಿಡಿಸಿದೆ ಎನ್ನುವುದನ್ನೂ ಸೇರಿಸು, ಮುಂದೆ ನೋಡುವವರಿಗೆ ಬೇಕಾಗುತ್ತದೆ. ಕಟ್ಟಿನಲ್ಲಿ ನಾಲ್ಕಿದ್ದರೆ ನಾಲ್ಕನ್ನೂ ಒಂದೇ ಪುಟದಲ್ಲಿ ಹಾಕು, ಬೆನ್ನು ಹೇಗಿದ್ದರೂ ಮುಖದಲ್ಲಿ ಅಚ್ಚು ಚೆನ್ನಾಗಿ ಬಂದದ್ದು ಮೇಲಿರಲಿ. ಬರೆಯುವುದು ಪೆನ್ಸಿಲಿನಲ್ಲಿ, ಸ್ಟ್ಯಾಂಪು ಹಾಕುವ ಮೊದಲೇ.

ಅಳಿಯ: ಅವಕ್ಕೆ ಹಿಂಜ್ ಸಾಕೇ, ಅಥವಾ ಗೋಂದಿಗೆ ಏನೂ ಹಚ್ಚದೆ ಸ್ಟ್ಯಾಂಪು ಸೇರಿಸಿಡುವ ಪಾರದರ್ಶಕ ಮೌಂಟು ತರಲೇ?

ಅತ್ತೆ: ಗೋಂದು ಹೋದದ್ದಕ್ಕೆ ಹಿಂಜ್ ಧಾರಾಳ ಸಾಕು. ಗೋಳಗುಮ್ಮಟದ ಗೋಂದು ಉಳಿದರೆ ಅದಕ್ಕೊಂದು ಮೌಂಟು ತಗೋ. ನಾಳೆ ಬೆಳಿಗ್ಗೆ ಎಂಬತ್ತರ ದಶಕದ ಕಟ್ಟಿನಿಂದ ಶುರು ಮಾಡೋಣ, ಡಬ್ಬಿ ಜಾಲರಿ ನನ್ನಲ್ಲೇ ಇದೆ, ನೀನು ಬ್ಲಾಟಿಂಗ್ ಪೇಪರ್ ಹಿಡಿದು ಬಾ.